ಗಿರಾಕಿಗಳ ಮಾತು, ಒಂದು ಓಟು: 1940ರ ಈರಿ ಕೌಂಟಿ ಪ್ರಕರಣ

ಆಕೆ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದಳು. 1940ರ ಅಮೆರಿಕ, ಅಧ್ಯಕ್ಷರ ಚುನಾವಣೆಯ ಕಾಲ. ಮನೆಗೆ ಬಂದ ಸರ್ವೆಯವರಿಗೆ ತನ್ನ ಓಟಿನ ಲೆಕ್ಕಾಚಾರ ಬದಲಾಗಿದೆ ಅಂದಳು. ಯಾಕಮ್ಮಾ ಅಂದರೆ ಉತ್ತರ ನೇರವಾಗಿತ್ತು. ರಿಪಬ್ಲಿಕನ್ ಅಭ್ಯರ್ಥಿ ವಿಲ್ಕಿಯ ವಿರುದ್ಧ ಪೇಪರಿನಲ್ಲಿ ಸ್ವಲ್ಪ ಓದಿದ್ದು ಹೌದು, ಆದರೆ ನಿಜವಾಗಿ ಮನಸ್ಸು ಬದಲಾಗಿದ್ದು ಅವರಿವರ ಮಾತು ಕೇಳಿ. ಹೋಟೆಲಿಗೆ ಬರುವ ಎಷ್ಟೋ ಗಿರಾಕಿಗಳು ವಿಲ್ಕಿ ಪ್ರಯೋಜನಕ್ಕೆ ಬರುವ ಆಸಾಮಿ ಅಲ್ಲ ಅನ್ನುತ್ತಿದ್ದರು.

ಈ ಉತ್ತರ ಬರೆದುಕೊಂಡವರು ಇಂಥದ್ದನ್ನು ಹುಡುಕಿಕೊಂಡು ಬಂದವರಲ್ಲ. ರೇಡಿಯೊ ಮತ್ತು ಪತ್ರಿಕೆಗಳು ಓಟನ್ನು ಹೇಗೆ ತಿರುಗಿಸುತ್ತವೆ ಎಂದು ಅಳೆಯುವುದು ಅವರ ಉದ್ದೇಶ. ಸಿಕ್ಕಿದ್ದು ಮಾತ್ರ ಗಿರಾಕಿಗಳು, ಗಂಡಂದಿರು, ಅಜ್ಜಂದಿರು. ಮತದಾನದ ಮೇಲೆ ಸಮಾಜ ಮತ್ತು ಮಾಧ್ಯಮದ ಪ್ರಭಾವದ ಬಗ್ಗೆ ಇವತ್ತು ನಾವು ಆಡುವ ಮಾತಿನಲ್ಲಿ ಅರ್ಧದಷ್ಟು ಆ ಒಂದು ಬೇಸಿಗೆಯಿಂದ ಬಂದದ್ದು. ಅದಕ್ಕೇ ಅದನ್ನು ಪೂರ್ತಿ ಬಿಡಿಸಿ ನೋಡೋಣ ಅನ್ನಿಸಿತು.

ಯಾಕೆ ಆ ಊರು, ಹೇಗೆ ಆ ಸರ್ವೆ

ಅಧ್ಯಯನ ಮಾಡಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಲಾಜರ್ಸ್‌ಫೆಲ್ಡ್, ಅವರ ಜೊತೆ ಬರ್ನಾರ್ಡ್ ಬೆರೆಲ್ಸನ್ ಮತ್ತು ಹೇಜಲ್ ಗೊಡೆ. ಲಾಜರ್ಸ್‌ಫೆಲ್ಡ್ ವಿಯೆನ್ನಾದಿಂದ ಬಂದವರು, ರೇಡಿಯೊ ಸಂಶೋಧನೆಯಲ್ಲಿ ಆಗಲೇ ಹೆಸರು ಮಾಡಿದ್ದರು. ಗೊಡೆಗೆ ಇನ್ನೊಂದು ಅನುಭವವಿತ್ತು. 1938ರಲ್ಲಿ ಮಂಗಳ ಗ್ರಹದವರು ದಾಳಿ ಮಾಡಿದರು ಎನ್ನುವ ರೇಡಿಯೊ ನಾಟಕವನ್ನು ನಿಜವಾದ ಸುದ್ದಿ ಅಂತ ನಂಬಿ ಕೆಲವರು ಹೆದರಿದ್ದರಲ್ಲ, ಆ ಬಗ್ಗೆ ನಡೆದ ಸಂಶೋಧನೆಯಲ್ಲಿ ಆಕೆಯೂ ಇದ್ದರು. ಅಂದರೆ ರೇಡಿಯೊ ಏನು ಬೇಕಾದರೂ ಮಾಡಿಸಬಲ್ಲದು ಎಂಬ ಭಯ ಗಾಳಿಯಲ್ಲಿದ್ದ ಕಾಲ ಅದು.

ಆರಿಸಿಕೊಂಡ ಜಾಗ ಒಹಾಯೊ ರಾಜ್ಯದ ಈರಿ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ. ಸರೋವರದ ದಂಡೆಯಲ್ಲಿ ಸ್ಯಾಂಡಸ್ಕಿ ಎಂಬ ಪಟ್ಟಣ, ಸುತ್ತ ಹೊಲಗದ್ದೆ, ಒಟ್ಟು ಸುಮಾರು 43,000 ಜನ. ಸರ್ವೆಯವರು ಓಡಾಡಿ ಮುಗಿಸುವಷ್ಟು ಚಿಕ್ಕದು. ಪಟ್ಟಣದವರೂ ಹಳ್ಳಿಯವರೂ ಇಬ್ಬರೂ ಸಿಗುತ್ತಾರೆ. ಜೊತೆಗೆ ಆ ಶತಮಾನದ ಅಧ್ಯಕ್ಷ ಚುನಾವಣೆಗಳಲ್ಲಿ ಅಲ್ಲಿನ ಓಟು ದೇಶದ ಒಟ್ಟು ಒಲವಿನಿಂದ ಜಾಸ್ತಿ ದೂರ ಹೋಗಿರಲಿಲ್ಲ.

ವಿಧಾನದ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕಂದರೆ ಇಡೀ ಪ್ರಕರಣದ ಬೆಲೆ ಇರುವುದೇ ಅಲ್ಲಿ. ಮೇ ತಿಂಗಳಲ್ಲಿ ಕೌಂಟಿಯ ಪ್ರತಿ ನಾಲ್ಕನೇ ಮನೆಯ ಬಾಗಿಲು ತಟ್ಟಿದರು. ಸುಮಾರು 3,000 ಜನ ಸಿಕ್ಕರು. ಅವರಲ್ಲಿ ತಲಾ 600 ಜನರ ನಾಲ್ಕು ಗುಂಪು ಮಾಡಿದರು, ನಾಲ್ಕೂ ಆದಷ್ಟು ಒಂದೇ ಥರ ಇರುವ ಹಾಗೆ. ಒಂದು ಗುಂಪನ್ನು ಮೇಯಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಮಾತಾಡಿಸಿದರು, ಒಟ್ಟು 7 ಸಲ. ಉಳಿದ ಮೂರು ಗುಂಪುಗಳನ್ನು ಆಮೇಲೆ ಒಂದೊಂದೇ ಸಲ ಕೇಳಿದರು. ಪದೇ ಪದೇ ಕೇಳುವುದರಿಂದಲೇ ಜನರ ಉತ್ತರ ಬದಲಾಗುತ್ತಿದೆಯಾ ಅಂತ ಹೋಲಿಸಿ ನೋಡುವುದಕ್ಕೆ. ಹಾಗೇನೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಅದೇ ಜನರನ್ನು ಮತ್ತೆ ಮತ್ತೆ ಕೇಳುವುದರಿಂದ ಏನು ಲಾಭ? ಜೂನ್‌ನಲ್ಲಿ ಒಬ್ಬ ಅಭ್ಯರ್ಥಿಗೆ ನೂರಕ್ಕೆ 50, ಜುಲೈನಲ್ಲೂ 50 ಅಂತ ಮಾಮೂಲಿ ಸರ್ವೆ ಹೇಳಿತು ಅಂದುಕೊಳ್ಳಿ. ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಹತ್ತು ಜನ ಬಿಟ್ಟು ಹೋಗಿ ಬೇರೆ ಹತ್ತು ಜನ ಬಂದಿರಬಹುದು. ಯಾರು ಅಲ್ಲಾಡಿದರು, ಯಾವಾಗ, ಯಾರ ಮಾತಿಗೆ ಅನ್ನುವುದು ಗೊತ್ತಾಗಬೇಕಾದರೆ ಹೋದ ತಿಂಗಳು ಉತ್ತರ ಕೊಟ್ಟವರ ಬಾಗಿಲಿಗೇ ಮತ್ತೆ ಹೋಗಬೇಕು.

ಅಭ್ಯರ್ಥಿ ಯಾರೆಂದು ಗೊತ್ತಾಗುವ ಮೊದಲೇ

ಮೊದಲ ಸುತ್ತಿನ ಸರ್ವೆ ನಡೆದದ್ದು ಮೇನಲ್ಲಿ. ರಿಪಬ್ಲಿಕನ್ ಪಕ್ಷ ವೆಂಡೆಲ್ ವಿಲ್ಕಿಯನ್ನು ಆರಿಸಿದ್ದು ಜೂನ್ ಕೊನೆಯಲ್ಲಿ, ಅದೂ ಪಕ್ಷದ ಸಮಾವೇಶದ ಆರನೇ ಸುತ್ತಿನ ಮತದಾನದಲ್ಲಿ. ವಿಲ್ಕಿ ಒಬ್ಬ ಉದ್ಯಮಿ. ಯಾವ ಚುನಾಯಿತ ಹುದ್ದೆಯಲ್ಲೂ ಇದ್ದವರಲ್ಲ, ಹಿಂದೆ ಡೆಮಾಕ್ರಾಟ್ ಆಗಿದ್ದವರು ಬೇರೆ. ಡೆಮಾಕ್ರಾಟರು ಫ್ರಾಂಕ್ಲಿನ್ ರೂಸ್ವೆಲ್ಟರನ್ನು ಮೂರನೇ ಸಲಕ್ಕೆ ನಿಲ್ಲಿಸಿದ್ದು ಜುಲೈನಲ್ಲಿ. ಅಲ್ಲಿವರೆಗೆ ಯಾವ ಅಧ್ಯಕ್ಷರೂ ಮೂರು ಅವಧಿ ಆಳಿರಲಿಲ್ಲ.

ಆದರೂ ಈರಿ ಕೌಂಟಿಯ ಗುಂಪಿನಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ನವೆಂಬರ್‌ನಲ್ಲಿ ತಾವು ಯಾವ ಪಕ್ಷಕ್ಕೆ ಹಾಕುತ್ತೇವೆ ಅಂತ ಮೇ ತಿಂಗಳಲ್ಲೇ ಗೊತ್ತಿತ್ತು. ಕೊನೆವರೆಗೂ ಅದಕ್ಕೇ ಅಂಟಿಕೊಂಡರು. ನಡುವೆ ಏನೇನಾಯಿತು ನೋಡಿ. ಪ್ಯಾರಿಸ್ ಜರ್ಮನಿಯ ಕೈಗೆ ಹೋಯಿತು. ಫ್ರಾನ್ಸ್ ಶರಣಾಯಿತು. ದಿನಾ ಬೆಳಿಗ್ಗೆ ಪೇಪರಿನ ಮುಖಪುಟದಲ್ಲಿ ಯುದ್ಧ. ಈ ಅರ್ಧ ಜನ ಅಲ್ಲಾಡಲಿಲ್ಲ.

ಅಂಥವರ ಓಟು ಎಲ್ಲಿಂದ ಬಂತು? ಸಂಶೋಧಕರು ಮೂರು ವಿಷಯ ಜೋಡಿಸಿ ಒಂದು ಸೂಚ್ಯಂಕ ಮಾಡಿದರು: ಹಣಕಾಸಿನ ಮಟ್ಟ, ಧರ್ಮ, ಹಳ್ಳಿಯೋ ಪಟ್ಟಣವೋ. ಉಳ್ಳವರು, ಪ್ರಾಟೆಸ್ಟೆಂಟರು, ಹಳ್ಳಿಯವರು ರಿಪಬ್ಲಿಕನ್ ಕಡೆ ವಾಲುತ್ತಿದ್ದರು. ಬಡವರು, ಕ್ಯಾಥೊಲಿಕರು, ಪಟ್ಟಣದವರು ಡೆಮಾಕ್ರಾಟ್ ಕಡೆ. ಮೂರೂ ಒಂದೇ ಕಡೆ ಸೇರಿದವರ ಓಟನ್ನು ಊಹಿಸುವುದು ಕಷ್ಟವಿರಲಿಲ್ಲ. ಸಮಾಜದಲ್ಲಿ ಮನುಷ್ಯ ಏನೋ ರಾಜಕೀಯದಲ್ಲೂ ಅವನು ಅದೇ, ಅಂತ ಅವರು ತೀರ್ಮಾನ ಬರೆದರು. ನನಗೆ ಈ ಮಾತು ತುಸು ಜಾಸ್ತಿ ಆಯಿತು ಅನ್ನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇನಲ್ಲಿ ಹೇಳಿದ್ದನ್ನೂ ಅಕ್ಟೋಬರ್‌ನಲ್ಲಿ ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟಾಗ ಲೆಕ್ಕ ಹೀಗೆ ಬಂತು. ನೂರಕ್ಕೆ 53 ಜನರಿಗೆ ಪ್ರಚಾರ ಮಾಡಿದ್ದು ಇಷ್ಟೇ: ಇದ್ದ ನಿಲುವನ್ನು ಇನ್ನಷ್ಟು ಗಟ್ಟಿ ಮಾಡಿದ್ದು. 14 ಜನ ಮೊದಲು ತೀರ್ಮಾನ ಮಾಡದೆ ಇದ್ದವರು, ಕೊನೆಗೆ ಅವರ ಹಿನ್ನೆಲೆ ಎತ್ತ ತೋರಿಸುತ್ತಿತ್ತೋ ಅತ್ತಲೇ ಹೋದರು. 16 ಜನರ ಮೇಲೆ ಪರಿಣಾಮವೇ ಕಾಣಲಿಲ್ಲ. 3 ಜನ ಹಿನ್ನೆಲೆಗೆ ಒಪ್ಪದ ಕಡೆ ಇದ್ದವರು ವಾಪಸ್ ಬಂದರು. 6 ಜನ ಇದ್ದ ಪಕ್ಷ ಬಿಟ್ಟು ನಡುವೆ ನಿಂತರು. ಒಂದು ಪಕ್ಷದಿಂದ ಪೂರ್ತಿ ಇನ್ನೊಂದಕ್ಕೆ ಹಾರಿದವರು 8 ಜನ.

ಆ 14 ಜನರ ಬಗ್ಗೆ ಸಂಶೋಧಕರು ಫೋಟೋ ತೊಳೆಯುವ ಹೋಲಿಕೆ ಕೊಡುತ್ತಾರೆ. ರಾಸಾಯನಿಕದಲ್ಲಿ ಅದ್ದದೆ ಚಿತ್ರ ಕಾಣುವುದಿಲ್ಲ, ಆದರೆ ಪ್ಲೇಟಿನ ಮೇಲೆ ಮೊದಲೇ ಬಿದ್ದ ಚಿತ್ರ ಬಿಟ್ಟು ಬೇರೆ ಯಾವುದೂ ಮೂಡುವುದೂ ಇಲ್ಲ.

ಮನೆ

ಮೊದಲ ಸಲ ಓಟು ಹಾಕಲಿದ್ದ ಒಬ್ಬರು ಸರ್ವೆಯವರಿಗೆ ಹೇಳಿದ್ದು: ಡೆಮಾಕ್ರಾಟ್‌ಗೇ ಹಾಕ್ತೀನಿ, ಇಲ್ಲದಿದ್ದರೆ ನಮ್ಮಜ್ಜ ಚರ್ಮ ಸುಲೀತಾನೆ. ಇನ್ನೊಬ್ಬರದು ತದ್ವಿರುದ್ಧ ಪಕ್ಷ, ಅದೇ ತರ್ಕ: ಮನೆಯವರೆಲ್ಲ ರಿಪಬ್ಲಿಕನ್, ಹಾಗಾಗಿ ನಾನೂ ಅದಕ್ಕೇ ಹಾಕಬೇಕು. ವಿದೇಶಾಂಗ ನೀತಿ, ಮೂರನೇ ಅವಧಿ, ನಿರುದ್ಯೋಗ, ಯಾವುದರ ಸುದ್ದಿಯೂ ಇಲ್ಲ.

ಇದನ್ನು ಓದಿ ನಗು ಬರಬಹುದು. ಅಂಕಿ ನೋಡಿದರೆ ನಗು ನಿಲ್ಲುತ್ತದೆ. ಆ ಗುಂಪಿನಲ್ಲಿ ಓಟು ಹಾಕಿದ 413 ಜನರಲ್ಲಿ, ತಮ್ಮ ಮನೆಯಲ್ಲಿ ಬೇರೆಯವರು ಬೇರೆ ಪಕ್ಷಕ್ಕೆ ಹಾಕಿದ್ದಾರೆ ಅಂದವರು ನೂರಕ್ಕೆ 4 ಮಾತ್ರ. ಒಂದೇ ಸೂರಿನ ಕೆಳಗಿನವರು ಒಂದೇ ಆದಾಯ, ಒಂದೇ ಚರ್ಚು, ಒಂದೇ ನೆರೆಹೊರೆ ಹಂಚಿಕೊಂಡಿರುತ್ತಾರೆ ನಿಜ. ಅಷ್ಟೇ ಕಾರಣವಾಗಿದ್ದರೂ ಸಂಖ್ಯೆ ಇಷ್ಟು ಕೆಳಗೆ ಇಳಿಯುತ್ತಿತ್ತಾ ಅನ್ನುವುದು ನನ್ನ ಅನುಮಾನ. ಊಟದ ಮೇಜಿನ ಮುಂದೆ ನಡೆಯುವ ಒಂದು ಸಣ್ಣ ಹೂಂಗುಟ್ಟುವಿಕೆಗೆ ತೂಕ ಬಹಳ.

ಎಲ್ಲರಿಗೂ ಈ ಅನುಕೂಲ ಇರಲಿಲ್ಲ. ಕೆಲವರನ್ನು ಅವರ ಬದುಕೇ ಎರಡು ಕಡೆಗೆ ಎಳೆಯುತ್ತಿತ್ತು. ಕೈತುಂಬ ಹಣ ಇದೆ, ಆದರೆ ಕ್ಯಾಥೊಲಿಕ್. ಮನೆಯವರು ಒಂದು ಪಕ್ಷ, ಕೆಲಸದ ಜಾಗದ ಸ್ನೇಹಿತರು ಇನ್ನೊಂದು. ಇಂಥ ಅಡ್ಡ ಒತ್ತಡಕ್ಕೆ ಸಿಕ್ಕವರು ಏನು ಮಾಡಿದರು? ಎರಡೂ ಕಡೆ ಕೇಳಿ, ತೂಗಿ ನೋಡಿ, ಒಳ್ಳೆಯದನ್ನು ಆರಿಸಿದರು ಅಂತ ನಮಗೆ ಅನ್ನಿಸಬೇಕು. ಪೌರನೀತಿಯ ಪಾಠದಲ್ಲಿ ಹಾಗೇ ಇರುತ್ತದೆ ಅಲ್ವಾ? ಆದದ್ದು ಬೇರೆ. ತೀರ್ಮಾನವನ್ನು ಮುಂದಕ್ಕೆ ಹಾಕುತ್ತಾ ಹೋದರು. ಚುನಾವಣೆ ಬಗ್ಗೆ ಆಸಕ್ತಿಯನ್ನೇ ಕಳೆದುಕೊಂಡರು. ಯಾರಿಗೆ ಹಾಕಿದರೂ ಯಾರಿಗೋ ಬೇಸರ, ಅದರ ಬದಲು ಸುಮ್ನೆ ಇರೋಣ ಅನ್ನುವ ದಾರಿ.

ಪ್ರಕರಣದಲ್ಲಿ ಎಲ್ಲಕ್ಕಿಂತ ಇರುಸುಮುರುಸು ಮಾಡುವ ಭಾಗ ಇದೇ. ನಡುವೆ ಮನಸ್ಸು ಬದಲಿಸಿದವರು ವಿಚಾರವಂತ, ಪಕ್ಷಾತೀತ ಮತದಾರರು ಅನ್ನುವ ಚಿತ್ರ ಈರಿ ಕೌಂಟಿಯಲ್ಲಿ ಉಳಿಯಲಿಲ್ಲ. ಪಕ್ಷ ಬದಲಿಸಿದವರಲ್ಲಿ ಹೆಚ್ಚಿನವರು ಚುನಾವಣೆ ಬಗ್ಗೆ ಕಡಿಮೆ ಆಸಕ್ತಿ ಇದ್ದವರು, ಕಡಿಮೆ ಓದಿದವರು, ಕಡಿಮೆ ಕೇಳಿದವರು. ಜಾಸ್ತಿ ಓದುತ್ತಿದ್ದವರು ಕಟ್ಟಾ ಪಕ್ಷದವರು.

ಪೇಪರು, ರೇಡಿಯೊ

ಇಲ್ಲಿಗೆ ಮಾಧ್ಯಮದ ಕಥೆ ಬರುತ್ತದೆ. ಆ ಚುನಾವಣೆಯಲ್ಲಿ ಅಮೆರಿಕದ ಹೆಚ್ಚಿನ ಪತ್ರಿಕೆಗಳು ವಿಲ್ಕಿಯ ಪರ ಬರೆದವು. ರೂಸ್ವೆಲ್ಟ್ 449 ಎಲೆಕ್ಟೋರಲ್ ಮತ (ರಾಜ್ಯವಾರು ಹಂಚಿದ, ಗೆಲುವನ್ನು ತೀರ್ಮಾನಿಸುವ ಮತ) ತೆಗೆದುಕೊಂಡರು, ವಿಲ್ಕಿಗೆ 82. ಪತ್ರಿಕೆಯ ಬೆಂಬಲ ಅಂದರೆ ಗೆಲುವು ಅಲ್ಲ ಅನ್ನುವುದಕ್ಕೆ ಇದೊಂದೇ ಸಾಕು.

ಈರಿ ಕೌಂಟಿಯಲ್ಲಿ ರಿಪಬ್ಲಿಕನ್ನರು ಪತ್ರಿಕೆ ಕಡೆ ಒಲಿದರು, ಡೆಮಾಕ್ರಾಟರು ರೇಡಿಯೊ ಕಡೆ. ಆಶ್ಚರ್ಯವಿಲ್ಲ. ಪತ್ರಿಕೆ ವಿಲ್ಕಿಯದು, ರೇಡಿಯೊದಲ್ಲಿ ರೂಸ್ವೆಲ್ಟರ ದನಿ. ಕದಲದೆ ನಿಂತ ಪಕ್ಷನಿಷ್ಠರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಎದುರು ಪಕ್ಷದ್ದಕ್ಕಿಂತ ತಮ್ಮ ಪಕ್ಷದ ಪ್ರಚಾರವನ್ನೇ ಹೆಚ್ಚು ಓದಿದ್ದರು, ಕೇಳಿದ್ದರು. ತಾವು ನಂಬಿದ್ದನ್ನೇ ಮತ್ತೊಬ್ಬರು ಚೆನ್ನಾಗಿ ಹೇಳುವಾಗ ಕೇಳುವ ಸುಖ ಎಲ್ಲರಿಗೂ ಗೊತ್ತು.

ಹಾಗಾಗಿ ಒಂದು ವಿಚಿತ್ರ ಪರಿಸ್ಥಿತಿ. ಭಾಷಣಕಾರ ಗಂಟಲು ಹರಿದುಕೊಳ್ಳುವುದು ತೀರ್ಮಾನ ಮಾಡದವರಿಗಾಗಿ. ರೇಡಿಯೊ ಮುಂದೆ ಕೂತಿರುವವರು ಮಾತ್ರ ಆಗಲೇ ತೀರ್ಮಾನ ಮಾಡಿದವರು. ಅವನಿಗೆ ಬೇಕಾದ ಮನುಷ್ಯ ರೇಡಿಯೊ ಆರಿಸಿ ಇಸ್ಪೀಟು ಆಡುತ್ತಿದ್ದಾನೆ.

ಯಾರು ಹೇಳಿದರು ಅನ್ನುವುದು

ಆದರೆ ಇಸ್ಪೀಟಿನ ಮೇಜಿನ ಮೇಲೂ ಮಾತು ನಡೆಯುತ್ತದೆ. ಯಾವುದೇ ಒಂದು ಸಾಮಾನ್ಯ ದಿನ ತೆಗೆದುಕೊಂಡರೂ, ದೊಡ್ಡ ಭಾಷಣ ಕೇಳಿದವರಿಗಿಂತ ಅಥವಾ ಚುನಾವಣಾ ಸುದ್ದಿ ಓದಿದವರಿಗಿಂತ, ಚುನಾವಣೆಯ ಮಾತುಕತೆಯಲ್ಲಿ ಭಾಗವಹಿಸಿದವರು ಕಡಿಮೆ ಅಂದರೂ ನೂರಕ್ಕೆ 10ರಷ್ಟು ಹೆಚ್ಚಿದ್ದರು.

ಸಂಶೋಧಕರು ಎರಡು ಸರಳ ಪ್ರಶ್ನೆ ಕೇಳಿದ್ದರು. ಇತ್ತೀಚೆಗೆ ನಿಮ್ಮ ರಾಜಕೀಯ ವಿಚಾರವನ್ನು ಯಾರಿಗಾದರೂ ಒಪ್ಪಿಸಲು ನೋಡಿದಿರಾ? ರಾಜಕೀಯದ ಬಗ್ಗೆ ಯಾರಾದರೂ ನಿಮ್ಮ ಸಲಹೆ ಕೇಳಿದರಾ? ಹೌದು ಅಂದವರು ನೂರಕ್ಕೆ 21. ಅವರಿಗೆ ಅಭಿಪ್ರಾಯ ಮುಂದಾಳುಗಳು ಅಂತ ಹೆಸರಿಟ್ಟರು. ಇವರು ಊರಿನ ದೊಡ್ಡ ಮನುಷ್ಯರೇ ಆಗಿರಬೇಕು ಅಂತಿರಲಿಲ್ಲ. ಎಲ್ಲ ಕಸುಬಿನಲ್ಲೂ, ಎಲ್ಲ ಮಟ್ಟದಲ್ಲೂ ಇದ್ದರು. ರೇಡಿಯೊ, ಪತ್ರಿಕೆ ಇವರ ಮೂಲಕ ಉಳಿದವರಿಗೆ ತಲುಪುತ್ತಿತ್ತು. ಎರಡು ಹಂತದ ಹರಿವು ಅಂತ ಆಮೇಲೆ ಪ್ರಸಿದ್ಧವಾದ ವಿಚಾರ ಹುಟ್ಟಿದ್ದು ಇಲ್ಲಿಂದ.

ಬಾಯಿಮಾತಿಗೆ ಅಷ್ಟು ಬಲ ಯಾಕೆ? ಹೋಟೆಲಿನ ಆಕೆಯನ್ನೇ ನೋಡಿ. ಪೇಪರ್ ಓದಬೇಕಾದರೆ ಅವಳೇ ಪುಟ ತಿರುಗಿಸಬೇಕು, ಬೇಡದ್ದನ್ನು ಬಿಡಬಹುದು. ಗಿರಾಕಿಯ ಮಾತು ತಟ್ಟೆ ಇಡುವಾಗ ಕಿವಿಗೆ ಬೀಳುತ್ತದೆ. ಅವಳು ಆರಿಸಿಕೊಂಡಿದ್ದಲ್ಲ. ಆ ಗಿರಾಕಿಗೂ ಅವಳನ್ನು ಬದಲಿಸುವ ಉದ್ದೇಶ ಇಲ್ಲ, ಹಾಗಾಗಿ ಅವಳಿಗೂ ಎಚ್ಚರ ವಹಿಸುವ ಕಾರಣ ಇಲ್ಲ. ಎದುರಿಗಿರುವವರು ಮುಖ ಸಿಂಡರಿಸಿದರೆ ಮಾತಿನ ದಿಕ್ಕು ಬದಲಿಸಬಹುದು, ಒಪ್ಪಿದರೆ ಆಗಲೇ ಒಂದು ನಗು ಸಿಗುತ್ತದೆ. ರೇಡಿಯೊಗೆ ಇದಾವುದೂ ಆಗದು.

ಇನ್ನೂ ಒಂದಿದೆ. ಮನಸ್ಸು ಬದಲಾಗದೆಯೂ ಓಟು ಬದಲಾಗಬಹುದು. ಒಬ್ಬಾಕೆ ಹೇಳಿದ್ದು ಹೀಗೆ: ತಾನು ಕೆಲಸ ಮಾಡುವ ಮನೆಯ ಅಮ್ಮನವರಿಗೆ ತಾನು ಓಟು ಹಾಕಬೇಕು ಅಂತ ಆಸೆ. ಅವರೇ ಮತಗಟ್ಟೆಗೆ ಕರಕೊಂಡು ಹೋದರು. ಅವರೆಲ್ಲ ರಿಪಬ್ಲಿಕನ್‌ಗೆ ಹಾಕಿದರು, ನಾನೂ ಹಾಕಿದೆ. ಇದನ್ನು ಯಾವ ಪ್ರಚಾರದ ಲೆಕ್ಕಕ್ಕೆ ಸೇರಿಸುತ್ತೀರಿ?

ನನ್ನ ತಕರಾರು

1944ರಲ್ಲಿ ಈ ಅಧ್ಯಯನ ಪುಸ್ತಕವಾಗಿ ಬಂದ ಮೇಲೆ ಮಾಧ್ಯಮಕ್ಕೆ ಅಂಥ ಶಕ್ತಿಯೇನೂ ಇಲ್ಲ ಎನ್ನುವ ಮಾತು ಬೇರೂರಿತು. ಪ್ರಚಾರದಿಂದ ಹೆಚ್ಚೇನೂ ಬದಲಾಗುವುದಿಲ್ಲ ಎಂಬ ನಂಬಿಕೆಗೆ ಬೆಲೆ ತೆತ್ತವರಲ್ಲಿ ಚುನಾವಣಾ ಸರ್ವೆ ನಡೆಸುತ್ತಿದ್ದ ಎಲ್ಮೊ ರೋಪರ್ ಒಬ್ಬರು, ಈರಿ ಅಧ್ಯಯನಕ್ಕೂ ನೆರವಾಗಿದ್ದವರು. 1948ರ ಅಧ್ಯಕ್ಷ ಚುನಾವಣೆಗೆ ಮುಂಚೆ, ಸೆಪ್ಟೆಂಬರಿನಲ್ಲೇ, ರಿಪಬ್ಲಿಕನ್ ಅಭ್ಯರ್ಥಿ ಡೀವಿ ಗೆದ್ದ ಹಾಗೇ ಲೆಕ್ಕ, ಇನ್ನು ಸರ್ವೆಯ ಅಂಕಿ ಪ್ರಕಟಿಸುವ ಅಗತ್ಯವಿಲ್ಲ ಎಂಬಂತೆ ಬರೆದರು. ಗೆದ್ದಿದ್ದು ಡೆಮಾಕ್ರಾಟ್ ಟ್ರೂಮನ್.

ನನ್ನ ಮೊದಲ ತಕರಾರು ಒಂದು ಪಕ್ಷದಿಂದ ಇನ್ನೊಂದಕ್ಕೆ ಹಾರಿದ ಆ 8 ಜನರ ಬಗ್ಗೆ. ನೂರಕ್ಕೆ 8 ಅಂದರೆ ಚಿಲ್ಲರೆ ಅಂತ ಬಿಡುವ ಹಾಗಿಲ್ಲ. 2000ದಲ್ಲಿ ಫ್ಲಾರಿಡಾ ರಾಜ್ಯ, ಅದರ ಜೊತೆ ಅಧ್ಯಕ್ಷ ಪದವಿ, 537 ಓಟಿನ ಅಂತರದಲ್ಲಿ ತೀರ್ಮಾನವಾಯಿತು. ಅದೇ ಚುನಾವಣೆಯ ಮೇಲೆ ಡೆಲ್ಲಾವಿನ್ಯ ಮತ್ತು ಕಪ್ಲಾನ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ರಿಪಬ್ಲಿಕನ್ ಕಡೆ ವಾಲುವ ಫಾಕ್ಸ್ ನ್ಯೂಸ್ ಚಾನೆಲ್ ಕೇಬಲ್‌ನಲ್ಲಿ ಬಂದ ಊರುಗಳಲ್ಲಿ ರಿಪಬ್ಲಿಕನ್ ಓಟು ನೂರಕ್ಕೆ 0.4ರಿಂದ 0.7ರಷ್ಟು ಏರಿತ್ತು. ಅಷ್ಟು ಸಣ್ಣದು. ಆದರೆ 537ರ ಪಕ್ಕ ಇಟ್ಟು ನೋಡಿ.

ಎರಡನೆಯದು, ಗಟ್ಟಿ ಮಾಡುವುದನ್ನು ಯಾಕೆ ಪರಿಣಾಮವಲ್ಲ ಅಂತ ಓದಬೇಕು? ದಿನಾ ಒಂದು ದನಿ ಕಿವಿಯಲ್ಲಿ ಇರದಿದ್ದರೆ ಆ 53 ಜನರಲ್ಲಿ ಎಷ್ಟು ಮಂದಿ ನವೆಂಬರ್‌ವರೆಗೆ ನಿಲ್ಲುತ್ತಿದ್ದರು? ಹಿನ್ನೆಲೆ ಅನ್ನುವುದನ್ನೂ ಸ್ವಲ್ಪ ಕೆರೆದು ನೋಡಬೇಕು. ರೂಸ್ವೆಲ್ಟ್ ರೇಡಿಯೊದಲ್ಲಿ ಜನರ ಮನೆಯೊಳಗೆ ಮಾತಾಡಲು ಶುರು ಮಾಡಿದ್ದು 1933ರ ಮಾರ್ಚ್‌ನಲ್ಲಿ. ಸರ್ವೆಯವರು ಬಾಗಿಲು ತಟ್ಟುವ ಹೊತ್ತಿಗೆ ಏಳು ವರ್ಷದ ರೇಡಿಯೊ ಆ ಮನೆಗಳಲ್ಲಿ ಕೂತಿತ್ತು. ಏಳು ತಿಂಗಳ ಅಧ್ಯಯನ ಅದನ್ನು ಮಾಧ್ಯಮ ಅಂತ ಎಣಿಸಲಿಲ್ಲ. ಬಡವರು ಡೆಮಾಕ್ರಾಟ್ ಕಡೆ ಅಂತ ಬರೆದುಕೊಂಡಿತು.

ಮೂರನೆಯದು, ಯಾರಿಗೆ ಓಟು ಅನ್ನುವುದೊಂದನ್ನೇ ಅಳೆದರೆ ಯಾವ ವಿಷಯದ ಮೇಲೆ ಓಟು ಅನ್ನುವುದು ತಪ್ಪಿಹೋಗುತ್ತದೆ. ಅದನ್ನು ಹಿಡಿದದ್ದು ಮೆಕೂಮ್ಸ್ ಮತ್ತು ಶಾ ಎಂಬ ಮಾಧ್ಯಮ ಸಂಶೋಧಕರು. 1968ರಲ್ಲಿ ಉತ್ತರ ಕ್ಯಾರೊಲಿನಾದ ಚಾಪಲ್ ಹಿಲ್‌ನಲ್ಲಿ ಇನ್ನೂ ತೀರ್ಮಾನ ಮಾಡದ 100 ಮತದಾರರನ್ನು ಮಾತಾಡಿಸಿದರು. ದೇಶದ ಮುಖ್ಯ ಸಮಸ್ಯೆ ಯಾವುದು ಅಂತ ಅವರು ಹೇಳಿದ ಕ್ರಮ, ಮಾಧ್ಯಮ ಆ ವಿಷಯಗಳಿಗೆ ಕೊಟ್ಟ ಜಾಗದ ಕ್ರಮಕ್ಕೆ ಚೆನ್ನಾಗಿ ಹೊಂದಿಕೊಂಡಿತ್ತು.

ಆದರೂ ಈರಿ ಕೌಂಟಿಯ ತಿರುಳು ಹಳತಾಗಿಲ್ಲ ಅನ್ನುವುದಕ್ಕೆ ಒಂದು ಪ್ರಯೋಗ ಇದೆ. 2010ರ ನವೆಂಬರ್ 2, ಅಮೆರಿಕದ ಸಂಸತ್ತಿನ ಚುನಾವಣೆ. ಫೇಸ್‌ಬುಕ್‌ನ ಸುಮಾರು 6 ಕೋಟಿ 10 ಲಕ್ಷ ಬಳಕೆದಾರರ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ಇವತ್ತು ಮತದಾನ, ಮತಗಟ್ಟೆ ಇಲ್ಲಿದೆ ಅನ್ನುವ ಸಂದೇಶ ಮಾತ್ರ. ಹೆಚ್ಚಿನವರಿಗೆ ಅದೇ ಸಂದೇಶ, ಜೊತೆಗೆ ಓಟು ಹಾಕಿದೆ ಅಂತ ಗುಂಡಿ ಒತ್ತಿದ ಸ್ನೇಹಿತರ ಮುಖಗಳು. ಬರೀ ಸಂದೇಶ ನೋಡಿದವರು ಏನೂ ನೋಡದವರಷ್ಟೇ ಪ್ರಮಾಣದಲ್ಲಿ ಮತಗಟ್ಟೆಗೆ ಹೋದರು. ಮುಖಗಳನ್ನು ನೋಡಿದವರು ಸ್ವಲ್ಪ ಹೆಚ್ಚು. ಸ್ನೇಹಿತರ ಸ್ನೇಹಿತರನ್ನೂ ಸೇರಿಸಿ ಒಟ್ಟು ಸುಮಾರು 3 ಲಕ್ಷ 40 ಸಾವಿರ ಓಟು ಹೆಚ್ಚಾಗಿರಬಹುದು ಅಂತ ಅಂದಾಜು. ಅದರಲ್ಲೂ ಪರಿಣಾಮ ಹರಡಿದ್ದು ಹತ್ತಿರದ ಸ್ನೇಹಿತರ ನಡುವೆ, ಪಟ್ಟಿಯಲ್ಲಿ ಸುಮ್ನೆ ಹೆಸರಿದ್ದವರ ನಡುವೆ ಅಲ್ಲ. ಇದು ಯಾರಿಗೆ ಹಾಕಿದರು ಅನ್ನುವ ಲೆಕ್ಕವಲ್ಲ, ಹೋಗಿ ಹಾಕಿದರಾ ಅನ್ನುವುದಷ್ಟೇ.

ಕೊನೆಯ ತಕರಾರು ಅಧ್ಯಯನದ ಒಳಗಿನದೇ. ಯಾರು ಮುಂದಾಳು ಅನ್ನುವುದನ್ನು ಅವರವರ ಬಾಯಿಂದಲೇ ಕೇಳಿ ನಂಬಿದರು. ಅವರ ಮಾತು ಯಾರಿಗೆ ಮುಟ್ಟಿತು, ಅವರಿಗೆ ಆ ಮಾತು ಎಲ್ಲಿಂದ ಬಂತು ಅಂತ ಎಳೆ ಹಿಡಿದು ಹೋಗಲಿಲ್ಲ. ಮುಂದೆ ಇಲಿನಾಯ್ ರಾಜ್ಯದ ಡೆಕೇಟರ್‌ನಲ್ಲಿ ಲಾಜರ್ಸ್‌ಫೆಲ್ಡ್ ಇದನ್ನು ಸರಿಪಡಿಸಲು ನೋಡಿದರು. ಈರಿ ಕೌಂಟಿಯ ಆ ಹೋಟೆಲಿನ ಗಿರಾಕಿಗಳು ಮಾತ್ರ ಬಿಲ್ಲು ಕೊಟ್ಟು ಎದ್ದು ಹೋದರು. ವಿಲ್ಕಿ ಪ್ರಯೋಜನವಿಲ್ಲ ಅನ್ನುವುದನ್ನು ಅವರು ಯಾವ ರೇಡಿಯೊದಲ್ಲಿ ಕೇಳಿದ್ದರು, ಯಾವ ಪೇಪರಿನಲ್ಲಿ ಓದಿದ್ದರು ಅಂತ ಅವರನ್ನು ಯಾರೂ ಕೇಳಲಿಲ್ಲ.